ನಡಾವಳಿಯಲ್ಲಿ ಇಲ್ಲದ ಪದ

"ಮಂತ್ರಿಯನ್ನು ಮುಗಿಸದೆ ಬೇರೆ ದಾರಿ ಇರಲಿಲ್ಲವೆಂದು ಮೂರು–ಎರಡು ಮತಗಳಿಂದ ತೀರ್ಮಾನಿಸಲಾಯಿತು. ಕೊಡೆ ಮತ್ತು ಗಡಿಯಾರ ಇವರ ನಡುವೆ ಏರುದನಿಯ ಮಾತಾಯಿತು. ಆಮೇಲೆ ಚಹಾ, ಬಿಸ್ಕತ್ತು."

ಇಂಥ ವಾಕ್ಯ ಬರೆದವರು ಲೋಕದಲ್ಲಿ ಬೇಕಾದಷ್ಟು ಜನ ಇರಬಹುದು. ಆದರೆ ಇಷ್ಟು ದುಂಡಾದ ಅಕ್ಷರದಲ್ಲಿ, ಎಡಕ್ಕೆ ಎರಡು ಬೆರಳು ಅಂಚು ಬಿಟ್ಟು, ತಾರೀಖು ಹಾಕಿ, ಕೆಳಗೆ ಕೆಂಪು ಶಾಯಿಯ ಗೆರೆ ಎಳೆದು ಬರೆದವರು ಕಾರ್ಯದರ್ಶಿಗಳೊಬ್ಬರೇ.

ಕಾರ್ಯದರ್ಶಿ ಎನ್ನುವುದು ಗೆಳೆಯರು ಕೊಟ್ಟ ಪದವಿ. ಅವರ ಕಸುಬು ಪ್ರಮಾಣಪತ್ರಗಳ ಮೇಲೆ ಹೆಸರು ಬರೆಯುವುದು. ಅಚ್ಚಾದ ಪತ್ರದ ನಡುವೆ ಒಂದು ಖಾಲಿ ಗೆರೆ ಇರುತ್ತದಲ್ಲ, ಮೂವತ್ತು ವರ್ಷದಿಂದ ಆ ಗೆರೆಯೇ ಅವರ ಹೊಟ್ಟೆಪಾಡು. ಶಾಲೆಗಳು, ಈಜುಕೊಳದವರು, ದಾದಿಯರ ತರಬೇತಿ ಕೇಂದ್ರ, ಪೊಲೀಸ್ ತರಬೇತಿ ಶಾಲೆ, ಎಲ್ಲರೂ ಕಟ್ಟುಗಟ್ಟಲೆ ಪತ್ರ ಕಳಿಸುತ್ತಿದ್ದರು. ಊರಿನ ಅರ್ಧ ಮನೆಗಳ ಗೋಡೆಯ ಮೇಲೆ ಅವರ ಅಕ್ಷರ ಗಾಜಿನ ಕಟ್ಟು ಹಾಕಿಸಿಕೊಂಡು ಕೂತಿತ್ತು. ಅವರು ಎಲ್ಲೂ ಸಹಿ ಮಾಡಬೇಕಾಗಿರಲಿಲ್ಲ. ಕೊನೆಯ ಅಕ್ಷರದ ಬಾಲವನ್ನು ಅವರು ಎಡಕ್ಕೆ ಎಳೆದು ತಿರುಗಿಸುವ ರೀತಿ ನೋಡಿದರೆ ಅಂಚೆಯವನೂ ಇದು ಯಾರ ಕೈ ಎಂದು ಹೇಳುತ್ತಿದ್ದ. ಒಂದು ಕಾಲಕ್ಕೆ ಅದು ಅವರಿಗೆ ಹೆಮ್ಮೆಯ ವಿಷಯವಾಗಿತ್ತು.

ಈಗ ಮಂತ್ರಿಯ ವಿಷಯ. ಎರಡು ವರ್ಷದ ಹಿಂದೆ 'ಬೂದು ಕೋಟು' ಎಂಬ ಗೂಢಚಾರರ ಸಿನಿಮಾವೊಂದು ಬಂದು ಒಂಬತ್ತು ದಿನ ಓಡಿ ಹೋಯಿತು. ಗೂಢಚಾರ ಅಂದಮೇಲೆ ಛಾವಣಿಯಿಂದ ಛಾವಣಿಗೆ ನೆಗೆಯುತ್ತಾನೆ ಎಂದುಕೊಂಡು ಬಂದವರಿಗೆ ಅದು ಸರಿಯಾದ ಪೆಟ್ಟು ಕೊಟ್ಟಿತು. ಎರಡೂವರೆ ಗಂಟೆಯಲ್ಲಿ ನಾಯಕ ಓಡುವುದು ಒಂದೇ ಸಲ, ಅದೂ ಬಸ್ಸಿಗೆ, ಅದೂ ತಪ್ಪಿಹೋಗುತ್ತದೆ. ಗುಪ್ತ ಹೆಸರಿನ ನಾಲ್ಕು ಜನ ಗೆಳೆಯರ ಜೊತೆ ಕೋಣೆಯೊಂದರಲ್ಲಿ ಕೂತು ಮಾತಾಡುತ್ತಾನೆ, ಮಂತ್ರಿಯೊಬ್ಬ ಸಾಯುತ್ತಾನೆ, ಇವನು ಸಿಕ್ಕಿಬೀಳುತ್ತಾನೆ. ಕೊನೆಯ ದೃಶ್ಯದಲ್ಲಿ ಅಧಿಕಾರಿಯೊಬ್ಬ ಇವನ ಮುಂದೆ ಬಿಳಿ ಹಾಳೆ, ಪೆನ್ನು ಇಟ್ಟು ಒಂದು ಮಾತನ್ನೂ ಆಡದೆ ಕನ್ನಡಕ ಒರೆಸುತ್ತ ಕೂರುತ್ತಾನೆ. ಬೂದು ಕೋಟಿನವನು ಪೆನ್ನು ಎತ್ತಿಕೊಳ್ಳುತ್ತಾನೆ. ಪರದೆ ಕತ್ತಲಾಗುತ್ತದೆ. ಗೆಳೆಯರ ಹೆಸರು ಬರೆದನೋ, ಬರೆಯಲಿಲ್ಲವೋ?

ಊರೇ ಎರಡಾಯಿತು. ಆಮೇಲೆ ಊರು ಮರೆತು ಬೇರೆ ಸಿನಿಮಾಕ್ಕೆ ಹೋಯಿತು. ಮರೆಯದೆ ಉಳಿದವರು ಐದು ಜನ. ಭಾನುವಾರ ಮಧ್ಯಾಹ್ನ ಅವರು ದರ್ಜಿಯ ಅಂಗಡಿಯ ಮಹಡಿಯಲ್ಲಿ, ಕತ್ತರಿಸಿಟ್ಟ ಪ್ಯಾಂಟುಗಳ ನಡುವೆ, ಜಾಗ ಮಾಡಿಕೊಂಡು ಕೂರುತ್ತಿದ್ದರು. ದರ್ಜಿಗೆ ಆ ಸಿನಿಮಾದ ಮೇಲೆ ಪ್ರಾಣ, ಮುಖ್ಯವಾಗಿ ಕೋಟಿನ ಮೇಲೆ. ಹಲ್ಲಿನ ಡಾಕ್ಟರಿಗೆ ಅದು ಶುದ್ಧ ಕಸ. ಆ ಕಸವನ್ನು ಅವರು ಆ ಒಂಬತ್ತು ದಿನದಲ್ಲೇ ಹನ್ನೊಂದು ಸಲ ನೋಡಿದ್ದರು. ಲೈಬ್ರರಿಯ ಮೇಡಂ ಕಡಿಮೆ ಮಾತಿನವರು, ಆದರೆ ಯಾವ ದೃಶ್ಯದಲ್ಲಿ ಯಾವ ಕಿಟಕಿ ತೆರೆದಿತ್ತು ಎಂಬುದು ಅವರಿಗೆ ಬಾಯಿಪಾಠ. ನಾಲ್ಕನೆಯವನು ಕಾರ್ಯದರ್ಶಿಗಳ ಭಾವಮೈದುನ, ಲಿಫ್ಟ್ ರಿಪೇರಿ ಮಾಡುವವನು. ಅಕ್ಕನ ಮನೆಯ ಊಟಕ್ಕೆ ಬಂದವನನ್ನು ಕಾರ್ಯದರ್ಶಿಗಳೇ ಎಳೆದುಕೊಂಡು ಹೋಗಿ ಸಿನಿಮಾ ತೋರಿಸಿದ್ದರು. ಅಂದಿನಿಂದ ಅವನು ಭಾವ ಹೇಳಿದ್ದಕ್ಕೆಲ್ಲ ಕೈ ಎತ್ತುತ್ತಿದ್ದ. ಬರೆಯಲಿಲ್ಲ ಎನ್ನುವ ಪಕ್ಷದಲ್ಲಿ ಕಾರ್ಯದರ್ಶಿ, ದರ್ಜಿ, ಭಾವಮೈದುನ. ಬರೆದ ಎನ್ನುವ ಪಕ್ಷದಲ್ಲಿ ಡಾಕ್ಟರು, ಮೇಡಂ. ಎರಡು ವರ್ಷದಿಂದ ಮೂರು–ಎರಡು.

ಸಭೆಗೆ ಒಂದೇ ಒಂದು ಕಟ್ಟುಪಾಡು. ಮೊದಮೊದಲು ವಾದ ಬಿಸಿಯಾದಾಗ ಯಾರಾದರೊಬ್ಬರು "ಬಿಡ್ರೀ, ಸಿನಿಮಾ ತಾನೇ" ಎಂದು ತಣ್ಣೀರು ಎರಚುತ್ತಿದ್ದರು. ಇದಕ್ಕಿಂತ ದೊಡ್ಡ ಹೇಡಿತನವಿಲ್ಲವೆಂದು ಡಾಕ್ಟರು ನಿಯಮ ತಂದರು. ಸಭೆಯಲ್ಲಿ ಆ ಪದ ಆಡುವಂತಿಲ್ಲ. ನಟ, ಕತೆ, ಪರದೆ, ಟಿಕೀಟು, ಯಾವುದೂ ಬಾಯಿಗೆ ಬರಬಾರದು. ನಾವೆಲ್ಲ ಆ ಕೋಣೆಯಲ್ಲೇ ಇದ್ದವರು ಎಂಬಂತೆ ಮಾತಾಡಬೇಕು, ಆ ಗುಪ್ತ ಹೆಸರುಗಳಲ್ಲೇ ಕರೆದುಕೊಳ್ಳಬೇಕು. ದರ್ಜಿ ಕೊಡೆ, ಡಾಕ್ಟರು ಗಡಿಯಾರ, ಮೇಡಂ ನೆರಳು, ಭಾವಮೈದುನ ಇಲಿ, ಕಾರ್ಯದರ್ಶಿಗಳು ಸೂಜಿ. ತಪ್ಪಿ ಆ ಪದ ಆಡಿದವರು ಅವತ್ತಿನ ಐದೂ ಲೋಟ ತೊಳೆಯಬೇಕು. ಮಹಡಿಯ ನಲ್ಲಿಯ ನೀರು ಎಷ್ಟು ತಣ್ಣಗಿತ್ತೆಂದರೆ ಒಂದೇ ತಿಂಗಳಲ್ಲಿ ಎಲ್ಲರ ನಾಲಿಗೆಯೂ ಪಳಗಿತು. ಕಾರ್ಯದರ್ಶಿಗಳದು ಎಲ್ಲರಿಗಿಂತ ಚೆನ್ನಾಗಿ ಪಳಗಿತು. ಅವರು ಒಂದು ಸಲವೂ ಲೋಟ ತೊಳೆದವರಲ್ಲ. ನಡಾವಳಿ ಪುಸ್ತಕದ ನೂರ ನಲವತ್ತು ಪುಟಗಳಲ್ಲಿ ಆ ಪದ ಎಲ್ಲೂ ಇರಲಿಲ್ಲ.

ಒಂದು ಶುಕ್ರವಾರ ಅವರು ಪೊಲೀಸ್ ತರಬೇತಿ ಶಾಲೆಯ ಇನ್ನೂರ ಹನ್ನೆರಡು ಪ್ರಮಾಣಪತ್ರಗಳನ್ನು ಮುಗಿಸಿ, ಹೆಸರುಗಳ ರಿಜಿಸ್ಟರನ್ನೂ ಸೇರಿಸಿ ಕಟ್ಟಿ, ಬಸ್ಸಿನಲ್ಲಿ ಹೋಗಿ ಶಾಲೆಯ ಗೇಟಿನಲ್ಲಿ ಕೊಟ್ಟು ಬಂದರು. ಮನೆಗೆ ಬಂದು ಕೈತೊಳೆದು ಮೇಜಿನ ಮುಂದೆ ಕೂತರೆ ಎದುರಿಗೆ ಶಾಲೆಯ ರಿಜಿಸ್ಟರು. ನೀಲಿ ಬಟ್ಟೆಯ ರಟ್ಟು, ಉದ್ದನೆಯದು. ನಡಾವಳಿ ಪುಸ್ತಕವೂ ಅದೇ ಅಂಗಡಿಯದು, ಅದೇ ನೀಲಿ, ಅದೇ ಉದ್ದ.

ಅವರು ಡ್ರಾಯರು ತೆಗೆದು ನೋಡಿದರು, ಹಾಸಿಗೆಯ ಕೆಳಗೆ ನೋಡಿದರು, ಅಡಿಗೆಮನೆಯ ಕಪಾಟಿನಲ್ಲೂ ನೋಡಿದರು. ಹುಡುಕುವಾಗಲೇ ಅವರಿಗೆ ಗೊತ್ತಿತ್ತು. ಮಂತ್ರಿಯನ್ನು ಮುಗಿಸಿದ ತೀರ್ಮಾನವನ್ನು ಅವರು ತಮ್ಮ ಕೈಯಾರೆ, ದಾರ ಕಟ್ಟಿ, ಪೊಲೀಸರ ಗೇಟಿನಲ್ಲಿ ಒಪ್ಪಿಸಿ ಬಂದಿದ್ದರು.

ಬೇರೆ ಸಮಯವಾಗಿದ್ದರೆ ಮರುದಿನ ಹೋಗಿ ನಕ್ಕು ತಂದುಬಿಡುತ್ತಿದ್ದರೋ ಏನೋ. ಆದರೆ ಮಗಳಿಗೆ ವಿಮಾನ ನಿಲ್ದಾಣದ ಹವಾಮಾನ ಕಚೇರಿಯಲ್ಲಿ ಕೆಲಸ ಆಗಿತ್ತು. ಆಗಿತ್ತು ಅಂದರೆ ಆಗುವುದಿತ್ತು. ಮೋಡ ಎಷ್ಟು ಎತ್ತರದಲ್ಲಿದೆ ಎಂದು ವಿಮಾನದವರಿಗೆ ಹೇಳುವ ಕೆಲಸ. ನಾಲ್ಕು ವರ್ಷ ಅದಕ್ಕೇ ಓದಿ, ಎರಡು ಸಲ ಪರೀಕ್ಷೆಯಲ್ಲಿ ಬಿದ್ದು, ಮೂರನೆಯ ಸಲ ಎದ್ದಿದ್ದಳು. ಉಳಿದದ್ದು ಒಂದೇ, ಮನೆಯವರ ನಡತೆ ಹೇಗೆ ಎಂಬ ಪೊಲೀಸ್ ವಿಚಾರಣೆ. ಹದಿನೈದು ದಿನದೊಳಗೆ ಯಾರಾದರೂ ಬರುತ್ತಾರೆ ಎಂದು ಕಾಗದ ಬಂದಿತ್ತು. ಮಗಳು ದಿನಾ ಮನೆಯ ತಾರಸಿಗೆ ಹೋಗಿ ಕೈ ಅಡ್ಡ ಹಿಡಿದು ಆಕಾಶ ನೋಡಿ, "ಅಪ್ಪ, ಇವತ್ತು ಎಂಟು ಸಾವಿರ ಅಡಿ" ಎಂದು ಕೂಗಿ ಹೇಳುತ್ತಿದ್ದಳು. ಕಾರ್ಯದರ್ಶಿಗಳಿಗೆ ಆ ವಾರ ಆಕಾಶ ತಲೆಗೆ ತಾಗುವಷ್ಟು ಕೆಳಗಿತ್ತು.

ಹೆಂಡತಿಗೆ ಹೇಳಲಿಲ್ಲ. ಗೆಳೆಯರಿಗೆ ಹೇಳಲಿಲ್ಲ. ಬಾಯಲ್ಲಿ ಹೇಳಿದರೆ ನಿಜವಾಗಿಬಿಡುತ್ತದೆ ಎಂದು ಅನಿಸುತ್ತಿತ್ತು. ಕೂತಲ್ಲಿ ನಿಂತಲ್ಲಿ ಪುಸ್ತಕದ ಒಂದೊಂದು ಪುಟವನ್ನೂ ಅವರು ಪೊಲೀಸರ ಕಣ್ಣಿನಿಂದ ಓದತೊಡಗಿದರು. ಮಹಡಿಗೆ ಸುಣ್ಣ ಹೊಡೆಸಿದ ವಾರ ಡಾಕ್ಟರ ಕ್ಲಿನಿಕ್ಕಿನಲ್ಲಿ ಸೇರಿದ್ದರಲ್ಲ, ಆಗ ಬರೆದಿದ್ದರು: "ಹಳೆಯ ಜಾಗ ಸದ್ಯಕ್ಕೆ ಬೇಡ. ಗಡಿಯಾರದ ಜಾಗದಲ್ಲಿ ಸೇರತಕ್ಕದ್ದು. ಒಬ್ಬೊಬ್ಬರೇ ಬರತಕ್ಕದ್ದು." ಒಬ್ಬೊಬ್ಬರೇ ಯಾಕೆಂದರೆ ಕ್ಲಿನಿಕ್ಕಿನ ಬಾಗಿಲು ಇಕ್ಕಟ್ಟು. ಅದನ್ನು ಯಾರು ಬರೆಯುತ್ತಾರೆ? "ಸಾಮಾನು ತರುವ ಹೊಣೆ ಇನ್ನು ಮುಂದೆ ನೆರಳಿನದು." ಸಾಮಾನು ಅಂದರೆ ಬಿಸ್ಕತ್ತು. "ಇಲಿಗೆ ಎಲ್ಲ ಕಟ್ಟಡಗಳ ಒಳದಾರಿ ಗೊತ್ತಿರುವುದು ನಮ್ಮ ಭಾಗ್ಯ ಎಂದು ಕೊಡೆ ಶ್ಲಾಘಿಸಿದರು." ಲಿಫ್ಟಿನವನಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ? ಇದನ್ನೆಲ್ಲ ಬರೆಯುವಾಗ ಎಂಥ ಖುಷಿಯಿತ್ತು, ಬಾಲ ಎಳೆಯುವಾಗ ಎಂಥ ಬಿಗುಮಾನವಿತ್ತು ಎಂದು ನೆನೆಸಿಕೊಂಡು ಅವರು ಡ್ರಾಯರನ್ನು ಇನ್ನೊಂದು ಸಲ ತೆಗೆದು ನೋಡಿದರು.

ಶನಿವಾರ ಈಜುಕೊಳದ ಹುಡುಗಿಯೊಬ್ಬಳ ಪತ್ರ ಬರೆಯುವಾಗ ಶಾಯಿ ಚೆಲ್ಲಿತು. ಮೂವತ್ತು ವರ್ಷದಲ್ಲಿ ಮೊದಲ ಕಲೆ. ಎದುರಿನ ಕ್ಷೌರದಂಗಡಿಯ ಬೆಂಚಿನ ಮೇಲೆ ಒಬ್ಬ ಪೇಪರು ಓದುತ್ತ ಕೂತಿದ್ದ. ಅರ್ಧ ಗಂಟೆಯಾದರೂ ಅವನು ಪುಟ ತಿರುವಲಿಲ್ಲ. 'ಬೂದು ಕೋಟಿ'ನಲ್ಲೂ ಹೀಗೆ ಒಬ್ಬ ಕೂರುತ್ತಾನೆ, ಇಂಥ ಸುಲಭದ ಉಪಾಯಕ್ಕೆ ಮಗು ಕೂಡ ಮೋಸ ಹೋಗುವುದಿಲ್ಲ ಎಂದು ಡಾಕ್ಟರು ಮೂರು ಭಾನುವಾರ ಹಂಗಿಸಿದ್ದರು. ಕಾರ್ಯದರ್ಶಿಗಳು ಪರದೆಯ ಸಂದಿಯಿಂದ ನೋಡುತ್ತಲೇ ಇದ್ದರು. ಕೊನೆಗೆ ಕ್ಷೌರದವನು ಕರೆದ, ಆ ಮನುಷ್ಯ ಎದ್ದು ಗಡ್ಡ ಕೆರೆದುಕೊಂಡು ಒಳಗೆ ಹೋದ. ಪೇಪರು ಬೆಂಚಿನ ಮೇಲೆ ತಲೆಕೆಳಗಾಗಿ ಬಿದ್ದಿತ್ತು. ಅದರಿಂದ ಸಮಾಧಾನವಾಗಬೇಕೋ ಬೇಡವೋ ಅವರಿಗೆ ತಿಳಿಯಲಿಲ್ಲ.

ಭಾನುವಾರ ಅವರು ಬರಿಗೈಯಲ್ಲಿ ಸಭೆಗೆ ಹೋದರು. ಪುಸ್ತಕದ ಹೊಲಿಗೆ ಬಿಟ್ಟಿದೆ, ರಿಪೇರಿಗೆ ಕೊಟ್ಟಿದ್ದೇನೆ ಎಂದರು. ಅವತ್ತಿನ ವಾದವೂ ಅದೇ ಆಗಬೇಕೇ, ಬರೆದನೋ ಇಲ್ಲವೋ. ಡಾಕ್ಟರು ಎಂದಿನಂತೆ ಕಾಲು ಮೇಲೆ ಕಾಲು ಹಾಕಿ ಶುರುಮಾಡಿದರು.

"ನೋಡಿ ಸೂಜಿ, ನಿಮಗೆ ಮನುಷ್ಯರ ಹೆಸರು ಗೊತ್ತು, ನನಗೆ ಮನುಷ್ಯರ ಹೆದರಿಕೆ ಗೊತ್ತು. ನಾನು ಮಿಷನ್ನು ಕೈಗೆ ತಗೊಂಡೇ ಇರೋದಿಲ್ಲ, ಬರೀ ದೀಪ ಹಾಕಿರ್ತೀನಿ. ಅಷ್ಟರಲ್ಲೇ ಜನ ರಾತ್ರಿ ಹಲ್ಲುಜ್ಜಲ್ಲ ಅಂತಾರೆ, ಕದ್ದು ಸಿಗರೇಟ್ ಸೇದ್ತೀನಿ ಅಂತಾರೆ, ಹೆಂಡ್ತಿಗೆ ಹೇಳ್ಬೇಡಿ ಅಂತಾರೆ. ನಾನು ಕೇಳಿರೋದೇ ಇಲ್ಲ ರೀ."

ಕಾರ್ಯದರ್ಶಿಗಳು ಯಾವತ್ತೂ ಇಲ್ಲದ ಆವೇಶದಿಂದ ಎದ್ದು ನಿಂತು ಮಾತಾಡಿದರು. ಪೆನ್ನು ಎತ್ತಿಕೊಂಡದ್ದು ಅದನ್ನು ಮುರಿಯುವುದಕ್ಕೆ ಎಂದರು. ಎರಡು ವರ್ಷ ಒಂದೇ ಕೋಣೆಯಲ್ಲಿ ಕೂತು ಚಹಾ ಕುಡಿದವರನ್ನು ಒಂದು ಹಾಳೆಗೆ ಬಿಟ್ಟುಕೊಡುವವನು ಮನುಷ್ಯನೇ ಅಲ್ಲ ಎಂದರು. ಭಾವಮೈದುನ ಚಪ್ಪಾಳೆ ತಟ್ಟಿ, ಭಾವ ಇವತ್ತು ಗೆದ್ದುಬಿಟ್ಟರು ಎಂದ. ಮೇಡಂ ಮಾತ್ರ ಚಪ್ಪಾಳೆ ತಟ್ಟದೆ ಅವರ ಮುಖವನ್ನೇ ನೋಡುತ್ತಿದ್ದರು.

ಮಂಗಳವಾರ ಹನ್ನೊಂದೂವರೆಗೆ ಬಾಗಿಲ ಗಂಟೆ ಸದ್ದಾಯಿತು. ಮಗಳು ಹೊರಗೆ ಹೋಗಿದ್ದಳು. ಹೆಂಡತಿ ಬಾಗಿಲು ತೆಗೆದರೆ ಮಫ್ತಿಯಲ್ಲಿದ್ದ ಒಬ್ಬ ದಪ್ಪನೆಯ ಮನುಷ್ಯ. ನೆಗಡಿಯಾಗಿ ಮೂಗು ಕೆಂಪಾಗಿತ್ತು, ಹೆಗಲಿಗೆ ಬಟ್ಟೆಯ ಚೀಲ ನೇತುಬಿದ್ದಿತ್ತು. ಪೊಲೀಸ್ ಕಚೇರಿಯಿಂದ ಬಂದಿದ್ದೇನೆ ಎಂದ. ಹೆಂಡತಿ ಮಗಳ ಕೆಲಸದ ವಿಚಾರಣೆ ಎಂದುಕೊಂಡು ಸಂತೋಷದಿಂದ ಕುರ್ಚಿ ಎಳೆದು, ಚಹಾ ತರುತ್ತೇನೆಂದು ಒಳಗೆ ಹೋದರು.

ಮಫ್ತಿಯವನು ಚೀಲದಿಂದ ನೀಲಿ ಪುಸ್ತಕ ತೆಗೆದು ಮೇಜಿನ ಮೇಲಿಟ್ಟ.

"ಇದು ನಿಮ್ಮ ಅಕ್ಷರ ತಾನೇ?"

"ಹೌದು" ಎಂದರು ಕಾರ್ಯದರ್ಶಿಗಳು. ಅಲ್ಲ ಎನ್ನುವ ಹಾಗಿರಲಿಲ್ಲ. ಆ ಮನುಷ್ಯನ ಮನೆಯ ಗೋಡೆಯ ಮೇಲೂ ಅದೇ ಅಕ್ಷರ ಇದ್ದೀತು.

ಅವನು ಮತ್ತೇನೂ ಹೇಳಲಿಲ್ಲ. ಚೀಲದಲ್ಲಿ ಕೈಯಾಡಿಸಿ ಒಂದು ಬಿಳಿ ಹಾಳೆ ತೆಗೆದು ಅವರ ಮುಂದಿಟ್ಟ. ಜೇಬಿನಿಂದ ಪೆನ್ನು ತೆಗೆದು ಹಾಳೆಯ ಮೇಲಿಟ್ಟ. ಆಮೇಲೆ ಸೀನು ಬರುವಂತಾಯಿತೇನೋ, ಮುಖ ಮೇಲೆತ್ತಿ, ಬಾಯಿ ಅರ್ಧ ತೆರೆದು, ಕಣ್ಣು ಮುಚ್ಚಿ ಕಾದ. ಸೀನು ಬರಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ.

ಗೋಡೆ ಗಡಿಯಾರದ ಸದ್ದು ಕೇಳುತ್ತಿತ್ತು. ಕಾರ್ಯದರ್ಶಿಗಳಿಗೆ ಆ ದೃಶ್ಯದಲ್ಲಿ ಎಷ್ಟು ಸೆಕೆಂಡು ಮೌನವಿದೆ ಎಂದು ಗೊತ್ತಿತ್ತು. ನಲವತ್ತೊಂದು. ಅವರು ಹತ್ತನೆಯ ಸೆಕೆಂಡಿಗೇ ಪೆನ್ನು ಎತ್ತಿಕೊಂಡರು.

ಹೇಳಬೇಕಾದ ಪದ ಒಂದೇ ಒಂದಿತ್ತು. ಅದನ್ನು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನೀಲಿ ಪುಸ್ತಕ ಎದುರಿಗಿರುವಾಗ ಆ ಪದ ಆಡಬಾರದೆಂದು ನಾಲಿಗೆಗೆ ಎರಡು ವರ್ಷ ಕಲಿಸಿದ್ದರಲ್ಲ, ಅದು ಗಂಟಲ ಹತ್ತಿರಕ್ಕೂ ಬರಲಿಲ್ಲ. ಕಣ್ಣೆದುರು ಮಗಳು ಕೈ ಅಡ್ಡ ಹಿಡಿದು ಆಕಾಶ ನೋಡುತ್ತಿದ್ದಳು. ಕೈ ತಾನಾಗಿಯೇ ಓಡಿತು. ಇಲಿ, ಅಂದರೆ ಲಿಫ್ಟ್ ರಿಪೇರಿಯವನು, ಇಂಥ ಹೆಸರು, ಇಂಥ ಬೀದಿ, ಇಂಥ ನಂಬರು. ಕೊಡೆ, ಅಂದರೆ ದರ್ಜಿ. ಗಡಿಯಾರ, ಅಂದರೆ ಹಲ್ಲಿನ ಡಾಕ್ಟರು, ಕ್ಲಿನಿಕ್ಕು ಇಲ್ಲಿ, ಮನೆ ಅಲ್ಲಿ. ನೆರಳು, ಅಂದರೆ ಲೈಬ್ರರಿಯ ಮೇಡಂ. ನಾಲ್ಕೂ ಹೆಸರು ಒಂದರ ಕೆಳಗೊಂದು, ಸಮ ಅಂತರದಲ್ಲಿ, ಬಾಲ ಎಡಕ್ಕೆ ತಿರುಗಿಸಿ. ಶನಿವಾರ ಶಾಯಿ ಚೆಲ್ಲಿದ ಕೈ ಆ ಹಾಳೆಯ ಮೇಲೆ ಒಂದು ಕಲೆಯನ್ನೂ ಬಿಡಲಿಲ್ಲ.

ಮಫ್ತಿಯವನು ಕನ್ನಡಕ ಹಾಕಿಕೊಂಡು ಹಾಳೆ ನೋಡಿದ.

"ಇದೇನು ಇದು? ರಸೀದಿ ಬರೀರಿ ಅಂತ ಕೊಟ್ಟೆ. ಶಾಲೆ ಗುಮಾಸ್ತರು ಪುಸ್ತಕ ಅದಲುಬದಲಾಗಿದೆ, ಅವರ ರಿಜಿಸ್ಟರು ಇಲ್ಲಿ ಉಳಿದಿದೆ ಅಂದ್ರು. ಹೆಂಗೂ ನಿಮ್ಮ ಮಗಳ ವಿಚಾರಣೆಗೆ ಬರೋದಿತ್ತಲ್ಲ, ಎರಡೂ ಒಂದೇ ಸಲ ಆಗ್ಲಿ ಅಂತ ತಂದೆ."

ಅವನು ಪುಸ್ತಕ ತೆರೆದೇ ಇರಲಿಲ್ಲ. ಗುಮಾಸ್ತರೂ ಮೊದಲ ಸಾಲಿನ ಬಾಲ ನೋಡಿ ಯಾರದೆಂದು ತಿಳಿದು ಮುಚ್ಚಿಟ್ಟಿದ್ದರು. ಈಗ ಅವನು ತೆರೆದ. ಒಂದು ಪುಟ ಓದಿದ, ಇನ್ನೊಂದು ಓದಿದ, ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡ. ಮೂಗು ಎಳೆಯುವುದು ನಿಂತಿತು.

"ಯಾವ ಮಂತ್ರಿ?" ಎಂದು ಕೇಳಿದ.

ಕಾರ್ಯದರ್ಶಿಗಳು ಬಾಯಿ ತೆರೆದರು. ಬರೀ ಗಾಳಿ ಬಂತು.

ಅಷ್ಟರಲ್ಲಿ ಚಹಾ ಹಿಡಿದು ಬಂದ ಹೆಂಡತಿ ಮೇಜಿನ ಮೇಲಿನ ಪುಸ್ತಕ ನೋಡಿ, "ಅಯ್ಯೋ, ಅದನ್ನೇಕೆ ಓದ್ತೀರಿ ಸಾರ್, ಅದು ಇವರ ಸಿನಿಮಾ ಹುಚ್ಚು. ಭಾನುವಾರ ಭಾನುವಾರ ಐದು ಜನ ಕೂತು ಅದನ್ನೇ ಮಾತಾಡ್ತಾರೆ" ಎಂದರು. ಅವರಿಗೆ ಆ ಪದ ಎಷ್ಟು ಸಲೀಸಾಗಿ ಬಂತೆಂದರೆ ಕಾರ್ಯದರ್ಶಿಗಳ ಕಣ್ಣಲ್ಲಿ ನೀರು ಬಂತು.

ಮಫ್ತಿಯವನು ಹೊಟ್ಟೆ ಕುಲುಕಿಸಿ ನಕ್ಕ. ಯಾವುದು, ಆ ಬೂದು ಕೋಟಿನದೇ? ತಾನು ಮಧ್ಯದಲ್ಲೇ ಎದ್ದು ಬಂದೆ, ಬಸ್ಸು ತಪ್ಪಿಸಿಕೊಳ್ಳುವ ಗೂಢಚಾರನನ್ನು ಯಾರು ನೋಡುತ್ತಾರೆ ಎಂದ. ಚಹಾ ಕುಡಿದ. ಬಿಸ್ಕತ್ತು ತಿಂದ. ಮಗಳ ವಿಷಯ ಎರಡು ಪ್ರಶ್ನೆ ಕೇಳಿ ಗುರುತು ಹಾಕಿಕೊಂಡ. ಬೇರೆ ಹಾಳೆಯಲ್ಲಿ ರಸೀದಿ ಬರೆಸಿಕೊಂಡು, ರಿಜಿಸ್ಟರನ್ನು ಚೀಲಕ್ಕೆ ಹಾಕಿದ. ಆಮೇಲೆ ಮೊದಲಿನ ಹಾಳೆಯನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡ.

ಅದನ್ನು ಇಲ್ಲೇ ಬಿಡಿ ಸಾರ್ ಎಂದು ಕಾರ್ಯದರ್ಶಿಗಳು ಕೇಳಿದರು. ಕೇಳಿದರೋ ಕೈ ಮಾತ್ರ ಚಾಚಿದರೋ ಅವರಿಗೆ ಆಮೇಲೆ ನೆನಪಾಗಲಿಲ್ಲ.

ಮಫ್ತಿಯವನು ಬೇಸರದಿಂದಲೇ ತಿಳಿಸಿ ಹೇಳಿದ, ತನ್ನ ಮೇಲೂ ಯಾರೋ ಹೊರೆ ಹೊರಿಸಿದ ಹಾಗೆ. "ನೀವು ಬರೆದುಕೊಡದೇ ಇದ್ದಿದ್ರೆ ಏನೂ ಇರ್ತಿರ್ಲಿಲ್ಲ. ಈಗ ಕೈಬರಹದಲ್ಲಿ ನಾಲ್ಕು ಹೆಸರು ಬಂದ್ಬಿಟ್ಟಿದೆ. ಕಾಗದ ಬಂದ್ಮೇಲೆ ಅದಕ್ಕೊಂದು ಫೈಲು ಮಾಡ್ಬೇಕಾಗತ್ತೆ. ಫೈಲು ಮಾಡಿದ್ಮೇಲೆ ಖಾಲಿ ಇಡೋಕಾಗಲ್ಲ, ಮೇಲಿನವರು ಕೇಳ್ತಾರೆ. ಒಂದು ಕೆಲಸ ಮಾಡಿ, ಪ್ರತಿ ವಾರ ಏನು ಮಾತಾಡಿದ್ರಿ ಅಂತ ಬರೀತೀರಲ್ಲ, ಅದರದ್ದೇ ಒಂದು ನಕಲು ಕಳಿಸ್ತಾ ಇರಿ. ಪ್ರಮಾಣಪತ್ರದ ಕಟ್ಟಿನ ಜೊತೆಗೇ ಇಟ್ರೆ ಸಾಕು. ಸಿನಿಮಾ ಅಂದ್ಮೇಲೆ ನಿಮಗೇನು ಭಯ?"

ಹೊರಡುವಾಗ ಬಾಗಿಲಲ್ಲಿ ನಿಂತು, ಮಗಳಿಗೆ ಮೊದಲ ಒಂದು ವರ್ಷ ಕೆಲಸ ಕಾಯಂ ಅಲ್ಲ, ವರ್ಷದ ಕೊನೆಗೆ ಇನ್ನೊಂದು ಸಲ ತಾನೇ ಬರುತ್ತೇನೆ ಎಂದು ಹೇಳಿ, ಕಾದಿಟ್ಟಿದ್ದ ಸೀನನ್ನು ಮೆಟ್ಟಿಲ ಮೇಲೆ ಸೀನಿ ಹೋದ.

ಹೆಂಡತಿ ಲೋಟ ಎತ್ತಲಿಲ್ಲ. ನಿಂತೇ ಇದ್ದರು.

"ನಾಲ್ಕು ಹೆಸರು ಅಂದ್ರಲ್ಲ. ನನ್ನ ತಮ್ಮಂದೂ ಇದೆಯಾ?"

ಕಾರ್ಯದರ್ಶಿಗಳು ಹೌದೆಂದು ತಲೆಯಾಡಿಸಿದರು.

"ಎಷ್ಟನೇದು?"

"ಮೊದಲನೇದು. ಅವನ ವಿಳಾಸ ಬಾಯಿಪಾಠ ಇತ್ತು."

ಸಂಜೆ ಮಗಳು ಬಂದು, ವಿಚಾರಣೆಯವರು ಬಂದಿದ್ದರಂತೆ, ಹೇಗಾಯಿತು ಎಂದು ಕೇಳಿದಳು. ಚೆನ್ನಾಗಾಯಿತು ಎಂದು ಇಬ್ಬರೂ ಒಟ್ಟಿಗೇ ಹೇಳಿದರು. ಹತ್ತು ದಿನಕ್ಕೆ ನೇಮಕದ ಪತ್ರ ಬಂತು. ಜೊತೆಗಿದ್ದ ವರದಿಯ ನಕಲನ್ನು ಮಗಳು ಗಟ್ಟಿಯಾಗಿ ಓದಿದಳು: ತಾಯಿ, ಗೃಹಿಣಿ, ನಡತೆ ಉತ್ತಮ. ತಂದೆ, ಪ್ರಮಾಣಪತ್ರ ಬರೆಯುವವರು, ಇಲಾಖೆಯೊಂದಿಗೆ ಸಹಕರಿಸುವ ಸ್ವಭಾವದವರು. ಅಪ್ಪನಿಗೆ ಪೊಲೀಸರ ಹತ್ತಿರವೂ ಎಂಥ ಹೆಸರು ನೋಡು ಎಂದು ಅವಳು ಅಮ್ಮನ ಭುಜ ಹಿಡಿದು ಅಲ್ಲಾಡಿಸಿದಳು. ಅಮ್ಮ ಪಾತ್ರೆ ಒರೆಸುತ್ತಿದ್ದರು, ಒರೆಸುತ್ತಲೇ ಇದ್ದರು.

ಅದಕ್ಕೂ ಮೊದಲೇ, ವಿಚಾರಣೆಯಾದ ವಾರದ ಭಾನುವಾರ, ಕಾರ್ಯದರ್ಶಿಗಳು ನೀಲಿ ಪುಸ್ತಕದ ಜೊತೆ ಹೊಸ ಬಾಲ್‌ಪೆನ್ನು ತಂದರು. ನಿಬ್ಬಿನ ಪೆನ್ನು ಎಲ್ಲಿ ಎಂದು ದರ್ಜಿ ಕೇಳಿದರೆ ಮುರಿಯಿತು ಎಂದರು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದಾಗಲೆಲ್ಲ ಎಣಿಸುತ್ತಿದ್ದರು. ಡಾಕ್ಟರು ಬಂದರು. ಮೇಡಂ ಬಂದರು. ಭಾವಮೈದುನ ಬರಲಿಲ್ಲ. ಕಾಲು ಗಂಟೆ, ಅರ್ಧ ಗಂಟೆ. ಕೊನೆಗೆ ಅವನು ನಗುತ್ತಲೇ ಮೆಟ್ಟಿಲು ಹತ್ತಿ ಬಂದ, ಹೇಳಿಕೊಳ್ಳುವುದಕ್ಕೆ ಒಂದು ವಿಷಯ ಸಿಕ್ಕ ಸಂಭ್ರಮದಲ್ಲಿ. ನಿನ್ನೆ ಯಾರೋ ಒಬ್ಬ ದಪ್ಪಗಿನವನು ಅವನ ಕಂಪನಿಗೆ ಬಂದು, ಇವನು ಯಾವ ಯಾವ ಕಟ್ಟಡಗಳ ಲಿಫ್ಟ್ ನೋಡುತ್ತಾನೆ ಎಂದು ವಿಚಾರಿಸಿಕೊಂಡು ಹೋದನಂತೆ. ಯಾಕೆ ಅಂದರೆ ಸುಮ್ಮನೆ ಅಂದನಂತೆ. ದರ್ಜಿಗೂ ಡಾಕ್ಟರಿಗೂ ಬಹಳ ಖುಷಿಯಾಯಿತು. ಇಲಿಯ ಬೆನ್ನು ಹತ್ತಿದ್ದಾರೆ, ಇನ್ನು ಒಬ್ಬೊಬ್ಬರೇ ಬರಬೇಕು ಎಂದು ಡಾಕ್ಟರು ತೊಡೆ ತಟ್ಟಿದರು.

ವಾದಕ್ಕೆ ಹೊಸದೇನೂ ಇರಲಿಲ್ಲ. ಮತಕ್ಕೆ ಹಾಕಿದರು. ಬರೆಯಲಿಲ್ಲ ಎನ್ನುವವರು ಎಂದಾಗ ದರ್ಜಿಯ ಕೈ ಎದ್ದಿತು, ಭಾವಮೈದುನನ ಕೈ ಎದ್ದಿತು. ಮೂರನೆಯ ಕೈಗಾಗಿ ಎಲ್ಲರೂ ತಿರುಗಿ ನೋಡಿದರು. ಬರೆದ ಎನ್ನುವವರು ಎಂದಾಗ ಕಾರ್ಯದರ್ಶಿಗಳು ಪೆನ್ನು ಹಿಡಿದ ಕೈಯನ್ನೇ ಎತ್ತಿದರು.

ಎರಡು ವರ್ಷದ ಮೇಲೆ ಗೆದ್ದ ಡಾಕ್ಟರಿಗೆ ಅದು ರುಚಿಸಲಿಲ್ಲ. ಏನಾಯಿತ್ರೀ ನಿಮಗೆ, ಮೈ ಹುಷಾರಿಲ್ಲವೇ ಎಂದು ನಾಡಿ ನೋಡುವವರ ಹಾಗೆ ಬಗ್ಗಿದರು.

"ಭಾವ, ನೀವೇ ಕೈಬಿಟ್ರೆ ಹೆಂಗೆ?" ಎಂದ ಭಾವಮೈದುನ. ತಮಾಷೆಯಾಗಿಯೇ ಅಂದದ್ದು.

ಕಾರ್ಯದರ್ಶಿಗಳು ಬರೆಯತೊಡಗಿದರು. ಬಾಲ್‌ಪೆನ್ನನ್ನು ಒತ್ತಿ ಒತ್ತಿ ಬರೆದರು. ಮೇಡಂ ಬಿಸ್ಕತ್ತಿನ ತಟ್ಟೆ ಎತ್ತಿಡಲು ಬಗ್ಗಿದವರು ಹಾಗೇ ನಿಂತರು. ದಿನವಿಡೀ ಪುಸ್ತಕಗಳ ಅಂಚು ನೋಡುವ ಕಣ್ಣು ಅದು. ಬರೆಯುತ್ತಿದ್ದ ಹಾಳೆಯ ಕೆಳಗೆ ಕಾರ್ಬನ್ ಕಾಗದದ ತುದಿ ಒಂದು ಕೂದಲೆಳೆಯಷ್ಟು ಇಣುಕುತ್ತಿತ್ತು. ಅವರು ಆ ತುದಿಯನ್ನು ನೋಡಿದರು, ಬಾಲ್‌ಪೆನ್ನನ್ನು ನೋಡಿದರು, ಆಮೇಲೆ ಕಾರ್ಯದರ್ಶಿಗಳನ್ನು. ಕಾರ್ಯದರ್ಶಿಗಳು ತಲೆ ಎತ್ತಲಿಲ್ಲ. ಮೇಡಂ ತಟ್ಟೆ ಕೆಳಗಿಟ್ಟು ನೆಟ್ಟಗೆ ನಿಂತರು.

"ಒಂದು ಮಾತು ಬರ್ಕೊಳ್ಳಿ ಕಾರ್ಯದರ್ಶಿಗಳೇ. ನಾವು ಐದು ಜನ ಇಲ್ಲಿ ಕೂತು ಮಾತಾಡೋದು ಒಂದು ಸಿನಿಮಾ ವಿಷಯ. ಮಂತ್ರಿ ಸತ್ತದ್ದು ಸಿನಿಮಾದಲ್ಲಿ. ಇಲಿ, ಕೊಡೆ ಎಲ್ಲ ಸಿನಿಮಾದ ಹೆಸರು. ನಾನು ಹೇಳಿದ್ದು ಹೇಳಿದ ಹಾಗೇ ಬರೀರಿ."

ಮಹಡಿಯಲ್ಲಿ ಗದ್ದಲವೇ ಆಯಿತು. ಒಂದೇ ಉಸಿರಿಗೆ ಮೂರು ಸಲ, ಅದೂ ಎಂದೂ ತಪ್ಪದ ನೆರಳು. ದರ್ಜಿ ಐದೂ ಲೋಟಗಳನ್ನು ಅವರ ಕೈಗೆ ಪೇರಿಸಿದ. ಮೇಡಂ ನಲ್ಲಿಯ ಕಡೆಗೆ ಹೋದರು.

ಕಾರ್ಯದರ್ಶಿಗಳು ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದರು. ಆ ಪದವನ್ನು ಮೂರು ಸಲವೂ ಬರೆದರು, ಅಡಿಯ ಹಾಳೆಗೂ ಸ್ಪಷ್ಟವಾಗಿ ಇಳಿಯಲಿ ಎಂದು ಪೆನ್ನಿನ ಮೇಲೆ ಭಾರ ಬಿಟ್ಟು ಬರೆದರು. ಬರೆದು ಮುಗಿಸಿ, ಮಫ್ತಿಯವನ ಮೇಲಿನವರು ಓದುವ ಹಾಗೆ ಒಂದು ಸಲ ಓದಿದರು. ನೂರ ನಲವತ್ತು ಪುಟಗಳಲ್ಲಿ ಒಮ್ಮೆಯೂ ಇಲ್ಲದ ಪದ. ಪೊಲೀಸರಿಗೆ ನಕಲು ಹೋಗಲು ಶುರುವಾದ ದಿನವೇ ಮೂರು ಸಲ ಬಂದಿತ್ತು, ಬೇಕೆಂದೇ ತುರುಕಿದ ಹಾಗೆ.

ಅದನ್ನು ಹೊಡೆದುಹಾಕೋಣವೆಂದು ಪೆನ್ನು ಎತ್ತಿದರು. ಹೊಡೆದುಹಾಕಿದ ಪದ ಓದುವವರಿಗೆ ಇನ್ನೂ ಎಷ್ಟು ಅನುಮಾನ ತಂದೀತು ಎಂಬುದೂ ಅಷ್ಟರಲ್ಲಿ ಕಣ್ಣಿಗೆ ಕಟ್ಟಿತು. ಒಳಗೆ ನಲ್ಲಿ ಸುರಿಯುತ್ತಿತ್ತು. ಮೇಡಂ ಒಂದೊಂದೇ ಲೋಟ ತೊಳೆದು ಬೋರಲು ಹಾಕುವ ಸದ್ದು ಕೇಳುತ್ತಿತ್ತು. ಮುಂದಿನ ಭಾನುವಾರಕ್ಕೆ ವಿಷಯ ಏನಿಡೋಣ ಎಂದು ಭಾವಮೈದುನ ಕೇಳುತ್ತಿದ್ದ. ಕಾರ್ಯದರ್ಶಿಗಳು ಎತ್ತಿದ ಪೆನ್ನನ್ನು ಎತ್ತಿದ ಹಾಗೇ ಹಿಡಿದುಕೊಂಡು ಕೂತಿದ್ದರು.